ಹರಕೆಯ ಕೋಳಿಗೆ ಮಾವನ ಜಾಮೀನು

ಹುನಗುಂದ
ಗುರುವಾರ, 22 ಜನವರಿ 2026

ಪ್ರೀತಿಯ ಅಳಿಯ ಆನಂದನಿಗೆ, ಸೋದರಮಾವ ಮಾಗುಂಡಪ್ಪನ ಆಶೀರ್ವಾದ.

ಕಾಲು ಹೇಗಿದೆ? ಕೋಲು ಬಿಟ್ಟು ಎಷ್ಟು ಹೆಜ್ಜೆ ಹಾಕುತ್ತೀ? ನಿನ್ನ ಹೆಂಡತಿ ಸುರೇಖಾ ಬಡಿದ ರೊಟ್ಟಿ ಎರಡಾದರೂ ಇಳಿಯುತ್ತವೆಯೋ, ಇಲ್ಲಾ ದವಾಖಾನೆಯ ಬ್ರೆಡ್ಡೇ ರೂಢಿಯಾಯಿತೋ? ಇಳಕಲ್ಲಿನ ಪಾಲಿಶ್ ಕಲ್ಲು ನನ್ನ ಅಳಿಯನ ಕಾಲ ಮೇಲೆ ಬಿದ್ದು ಕಲ್ಲೇ ಎರಡು ಹೋಳಾಯಿತು ಎಂದು ಓಣಿಗೆಲ್ಲ ಹೇಳಿದ್ದೇನೆ. ಬಂದಾಗ ನೀನೂ ಹೌದೆನ್ನಬೇಕು. ಫೋನ್ ಬಿಟ್ಟು ಪತ್ರ ಯಾಕೆ ಅಂದೀಯಾ. ನನ್ನ ದನಿ ನಿನಗೆ ಗೊತ್ತೇ ಇದೆ. ನಾನು ಗುಟ್ಟು ಹೇಳಿದರೆ ನಡುಗೋಡೆ ದಾಟಿ ನಿನ್ನವ್ವನ ಒಲೆಯ ಮುಂದೆ ಕೇಳುತ್ತದೆ. ಈ ಸುದ್ದಿ ನಿನ್ನವ್ವ, ನನ್ನ ಬೋರವ್ವಕ್ಕನ ಕಿವಿಗೆ ಬೀಳಬಾರದು.

ನೀನು ಬಿದ್ದ ದಿನವೇ ನಿನ್ನವ್ವ ಊರ ದುರಗವ್ವನಿಗೆ ಹರಕೆ ಹೊತ್ತಳು, ಮಗ ಎದ್ದು ನಿಂತರೆ ಒಂದು ಕೋಳಿ ಎಂದು. ನೀನು ನಿಂತ ಸುದ್ದಿ ಬಂದ ವಾರವೇ ಕೋಳಿ ತರಲು ನನ್ನನ್ನು ಇಳಕಲ್ ಸಂತೆಗೆ ಅಟ್ಟಿದಳು. ಕೋಳಿ ನೋಡುವ ಕಣ್ಣು ಈ ಓಣಿಯಲ್ಲಿ ನನಗಲ್ಲದೆ ಇನ್ಯಾರಿಗಿದೆ? ತಂದೆ ನೋಡು, ಕಾಗೆಯಂಥ ಕಪ್ಪು, ಕುತ್ತಿಗೆಗೆ ಮಾತ್ರ ಜೇನಿನ ಬಣ್ಣ. ಹರಕೆಯ ದಿನದವರೆಗೆ ಇರಲಿ ಎಂದು ನನ್ನ ಆರು ಕೋಳಿಗಳ ಜೊತೆ ಅದೇ ಸಂಜೆ ಬುಟ್ಟಿಯಡಿ ಕವುಚಿದೆ. ಎದುರುಮನೆಯ ಖಾಸಿಂಸಾಬ, “ಹೊಸಾದು ಐತಿ, ಕೆಲವು ದಿನಾ ಬ್ಯಾರೆ ಇಡೋ ಮಾರಾಯಾ” ಅಂದ. “ಸಾಬ, ನಾ ಕೋಳಿ ಸಾಕಾಕ ಹತ್ತಿ ನಲವತ್ತು ವರ್ಸಾತು” ಅಂದೆ. ಮರುದಿನ ಬುಟ್ಟಿ ಎತ್ತಿದರೆ ನನ್ನ ನಲವತ್ತು ವರ್ಷ ಮೂಲೆಯಲ್ಲಿ ಮುದುಡಿ ಕೂತಿತ್ತು. ಆರೂ ಸೇರಿ ಕುಟುಕಿ ಕುಟುಕಿ ಜೇನು ಬಣ್ಣದ ಪುಕ್ಕ ಕಿತ್ತಿದ್ದವು. ಮೂರನೆಯ ದಿನಕ್ಕೆ ಎಡಗಣ್ಣು ಊದಿ ಮುಚ್ಚಿತು, ಮೂಗು ಸೋರಿತು, ಗಂಟಲಲ್ಲಿ ಹುಕ್ಕಾದಂತೆ ಗೊರಗೊರ.

ನಿನ್ನವ್ವ ತಲೆಯ ಮೇಲೆ ಕೈ ಹೊತ್ತಳು. “ಇದು ಸತ್ರ ನನ್ನ ಮಗನ ಕಾಲಿಗೆ ಕೇಡು. ಕೋಳಿ ಉಳಿದ್ರ ಕಾಲು ಉಳಿತೈತಿ, ತಮ್ಮಾ.” ಓಣಿಯವರದು ಬೇರೆಯೇ ರಾಗ: “ಸಾಯೂದ್ರಾಗ ಕೊಯ್ದು ಸಾರು ಮಾಡು.” ನಿಮಗ ನೆಗಡಿ ಬಂದಾಗೂ ಹಂಗ ಮಾಡೂಣೇನ್ರಿ ಎಂದು ಕೇಳಿದೆ, ಒಬ್ಬೊಬ್ಬರೇ ಮನೆ ಸೇರಿದರು. ಅಜ್ಜನ ಕಂಬಳಿ ಹಾಸಿ ಕೋಳಿಯನ್ನು ನನ್ನ ಅಡಿಗೆಮನೆಯಲ್ಲೇ ಬೇರೆ ಇಟ್ಟೆ. ಪಶು ದವಾಖಾನೆಯ ಡಾಕ್ಟರಮ್ಮ ನೀರಿಗೆ ಹಾಕುವ ಔಷಧಿ ಕೊಟ್ಟು, ಹೊಸ ಕೋಳಿಯನ್ನು ಮೂರು ವಾರ ಬೇರೆ ಇಡಬೇಕೆಂಬುದು ಗೊತ್ತಿಲ್ಲವೇ ಎಂದು ಬೈದಳು. ಗೊತ್ತಿತ್ತು, ಪರೀಕ್ಷೆ ಮಾಡುತ್ತಿದ್ದೆ ಎಂದೆ. ದಿನಕ್ಕೆ ಮೂರು ಸಲ ಬೆಚ್ಚನೆಯ ಉಪ್ಪುನೀರಿನಲ್ಲಿ ಕಣ್ಣು ತೊಳೆದೆ. ಜೋಳದ ನುಚ್ಚಿನ ಗಂಜಿಯನ್ನು ಬೆರಳ ತುದಿಯಿಂದ ಕೊಕ್ಕಿಗೆ ಹಚ್ಚಿದೆ. ಉಳಿದ ಆರರಲ್ಲಿ ಒಂದೂ ಸೀನಲಿಲ್ಲ; ಅದು ಅದೃಷ್ಟ, ಆದರೆ ಊರಲ್ಲಿ ನನ್ನ ಕೈಗುಣವೆಂದು ಸುದ್ದಿಯಾಗಿದೆ. ಹನ್ನೆರಡನೆಯ ದಿನ ಅದು ನನ್ನ ಬೆರಳನ್ನೇ ಕುಟುಕಿ ರಕ್ತ ತೆಗೆಯಿತು. ಅಷ್ಟು ಖುಷಿ ನನ್ನ ಲಗ್ನದಲ್ಲೂ ಆಗಿರಲಿಲ್ಲ. (ನಿನ್ನ ಅತ್ತೆಗೆ ಹೇಳಬೇಡ.)

ಈಗ ಕೋಳಿ ಗಟ್ಟಿಯಾಗಿದೆ. ಗಟ್ಟಿಯಾದದ್ದೇ ತಪ್ಪಾಯಿತು. ಬರುವ ಮಂಗಳವಾರ ಹರಕೆ ಎಂದು ನಿನ್ನವ್ವ ಅರಿಷಿಣ ಹಿಡಿದು ಬಂದಳು. ಊನವಿದ್ದ ಕೋಳಿ ದೇವಿಗೆ ಸಲ್ಲುವುದಿಲ್ಲವಲ್ಲ, ಅದಕ್ಕೆ ಎಡಗಣ್ಣು ಹೋಗಿದೆ ಎಂದುಬಿಟ್ಟೆ. ಅವಳು ಅದರ ಎಡಗಡೆ ನಾಲ್ಕು ಜೋಳ ಚೆಲ್ಲಿದಳು. ದರಿದ್ರ ಕೋಳಿ ನಾಲ್ಕನ್ನೂ ಹೆಕ್ಕಿತು! “ನಿನ್ನ ಕುಡ್ಡ ಕೋಳಿಗೆ ನಿನಗಿಂತ ಚಲೋ ಕಾಣಸ್ತೈತಿ” ಅಂದಳು. ನಾನು ಬಿಡುತ್ತೇನೆಯೇ? ಕೋಳಿ ಉಳಿದರೆ ಕಾಲು ಉಳಿಯುತ್ತದೆ ಎಂದವಳು ನೀನು, ಈಗ ಕೊಯ್ದರೆ ಕಾಲಿನ ಗತಿ ಏನು ಎಂದು ಕೇಳಿದೆ. ಅಕ್ಕ ಹೊಸ್ತಿಲ ಮೇಲೆ ಕೂತುಬಿಟ್ಟಳು. “ಮಾತು ಕೊಟ್ಟೀನಿ, ತಮ್ಮಾ. ದುರಗವ್ವ ತಾಯಿಗೆ ಕೊಟ್ಟ ಮಾತು ನುಂಗಿ ಮಗನ್ನ ಹೆಂಗ ನಡಸ್ಲಿ?” ಆನಂದಾ, ನಾನು ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಹಿತ್ತಲಿಗೆ ಓಡಿದೆ. ನಾನು!

ಆದರೂ ಕೋಳಿ ಕೊಡುವುದಿಲ್ಲ. ಓಣಿಯೇ ಬರಲಿ, ದುರಗವ್ವನೇ ಬರಲಿ. ಕಂಬಳಿ ಹಾಸಿ ಕೂಡಿಸಿ ಅವಳಿಗೂ ಇದನ್ನೇ ಹೇಳುತ್ತೇನೆ. ನಿನ್ನವ್ವನ ಕಣ್ತಪ್ಪಿಸಿ ಗುಡಿಯ ಪೂಜಾರಿ ಗುರುಲಿಂಗವ್ವನನ್ನು ಕೇಳಿ ಬಂದಿದ್ದೇನೆ. “ಯಾರ ಹೆಸರಿನ ಹರಕಿ, ಬಿಡೂ ಮಾತು ಅವನ ಬಾಯಿಲೆ ಬರ್ಲಿ. ದುರಗವ್ವನ ಹೆಸರೀಲೆ ಕೋಳಿ ಜೀವಂತ ಬಿಡಬಹುದು” ಅಂದಳು. ಹರಕೆ ನಿನ್ನ ಹೆಸರಿನದು. ನನ್ನ ಮಾತು ಅಕ್ಕ ಕೇಳಳು, ನಿನ್ನದು ಕೇಳುತ್ತಾಳೆ. ಮಂಗಳವಾರದೊಳಗೆ ಅವಳಿಗೆ ಫೋನ್ ಮಾಡಿ, ಕೋಳಿ ಬಿಡು ಎಂದು ಹೇಳು. ಮಾವ ಬರೆದಿದ್ದ ಎಂದು ಮಾತ್ರ ಹೇಳಬೇಡ.

ಸುರೇಖಾಗೆ ನನ್ನ ಆಶೀರ್ವಾದ ತಿಳಿಸು. ಮನೆದೇವರು ಬೀರಪ್ಪ ನಿನ್ನ ಎರಡೂ ಕಾಲು ಕಾಯಲಿ.

ಯಾರಿಗೂ ಅಂಜದ ನಿನ್ನ ಮಾವ,
ಮಾಗುಂಡಪ್ಪ

ತಾ.ಕ.: ಖಾಸಿಂಸಾಬ ನಿಮ್ಮ ಬಾಗಲಕೋಟೆಗೇ ಹೊರಟಿದ್ದಾನೆ, ಪತ್ರ ಅವನ ಕೈಯಲ್ಲೇ. ಟೆಂಪೋ ಹಾರ್ನ್ ಹೊಡೆಯುತ್ತಿದೆ. ಬೇಗ ಹೇಳುತ್ತೇನೆ. ನೀನು ದವಾಖಾನೆಯಲ್ಲಿದ್ದಾಗ ಊರೆಲ್ಲ ಬಂದು ನೋಡಿತು, ಮಾವ ಬರಲಿಲ್ಲ. ಕೆಲಸವಿತ್ತು ಎಂದದ್ದು ಸುಳ್ಳು. ಎರಡು ಸಲ ಬಂದಿದ್ದೆ, ಬಾಳೆಹಣ್ಣು ಹಿಡಿದು, ಗೇಟಿನವರೆಗೆ. ನಿನ್ನ ಕಾಲು ಏನಾಗಿದೆಯೋ ಎಂದು ಒಳಗೆ ಹೆಜ್ಜೆ ಏಳಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು ಹಣ್ಣು ನಾನೇ ತಿಂದು ತಿರುಗಿ ಬಂದೆ. ಈ ಕೋಳಿಯ ಹತ್ತಿರ ಹದಿನೆಂಟು ದಿನ ಕೂತೆ, ಒಂದು ದಿನವೂ ಏಳಲಿಲ್ಲ. ಅದಕ್ಕೇ ಕೊಡಲಾರೆ. ಆದರೆ ಫೋನ್ ಬೇಡ, ನೀನೇ ಬಾ. ಕುಂಟಿಕೊಂಡೇ ಬಾ. ಈ ಸಲ ನಾನು ಬಸ್‌ಸ್ಟ್ಯಾಂಡಿನ ಒಳಗೇ ನಿಂತಿರುತ್ತೇನೆ.