ಎರಡನೇ ರಿಮೋಟು

ಫೆಬ್ರವರಿ ೧೮, ಭಾನುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿಗೆ,

ಅಕ್ಕನ ಆಶೀರ್ವಾದಗಳು. ನಾನು ಕ್ಷೇಮ. ನೀನೂ ಹಾಗೇ ಇದ್ದೀಯ ಎಂದುಕೊಂಡು ಬರೆಯುತ್ತಿದ್ದೇನೆ, ಯಾಕೆಂದರೆ ಕೇಳಿ ತಿಳಿಯೋಣವೆಂದರೆ ನೀನು ಫೋನ್ ಎತ್ತುವುದಿಲ್ಲ. ಎತ್ತಿದರೂ "ಮೀಟಿಂಗಲ್ಲಿದೀನಿ ಅಕ್ಕಾ, ಆಮೇಲೆ ಮಾಡ್ತೀನಿ" ಎನ್ನುತ್ತೀಯ. ಆ ಆಮೇಲೆಗೆ ಈ ತಿಂಗಳಿಗೆ ಎರಡು ವರ್ಷ ತುಂಬಿತು. ಅದಕ್ಕೇ ಕಾಗದ. ಕಾಗದಕ್ಕೆ ಮೀಟಿಂಗಿನ ನೆಪ ಹೇಳಲು ಆಗುವುದಿಲ್ಲ ನೋಡು.

ತಡವಾಯಿತೆಂದು ಬೈಯಬೇಡ. ಆರು ತಿಂಗಳಿಂದ ಬರೆಯಲು ಕೂರುವುದು, ಹರಿದು ಹಾಕುವುದು, ಇದೇ ಆಗಿತ್ತು. ನನ್ನ ಮೂಗಿನ ತುದಿಯ ಕೋಪ ನಿನಗೆ ಗೊತ್ತಲ್ಲ, ಎರಡನೇ ಸಾಲಿಗೇ ಜಗಳ ತೆಗೆದಿರುತ್ತಿದ್ದೆ. ನೀನು ಮಾಡಿದ ಆಟ ಚೆನ್ನಾಗಿಲ್ಲ ಎಂದು ಅಕ್ಕ ಒಂದು ಮಾತು ಅಂದರೆ ತಮ್ಮನಾದವನು ಎರಡು ವರ್ಷ ಮುಖ ತಿರುಗಿಸಿಕೊಂಡು ಕೂರುವುದಾ, ಎಂದು. ಇವತ್ತು ಜಗಳ ಬೇಡ. ನನಗೆ ನಿನ್ನ ದನಿ ಕೇಳಬೇಕು, ಅಷ್ಟೇ. ಅದಕ್ಕೆ ಮೊದಲು ನಿಮ್ಮ ಕಂಪನಿಯ ಕಂಪ್ಯೂಟರ್ ಆಟದ ವಿಷಯ ಬರೆಯುತ್ತೇನೆ.

'ಏಳು ಬುರುಜು' ಒಂಬತ್ತನೇ ಭಾಗ ಮುಗಿಸಿದೆ. ಬುರುಜು ಏಳೇ, ಭಾಗ ಮಾತ್ರ ಒಂಬತ್ತು. ಇದು ಯಾವ ಲೆಕ್ಕವೋ ನೀವೇ ಹೇಳಬೇಕು. ಹೆಬ್ಬಾಗಿಲಲ್ಲಿ ಅದೇ ಮುದುಕ ಕಾವಲುಗಾರ, ಅದೇ "ಬಂದೆಯಾ ವೀರ" ಎನ್ನುವ ಮಾತು. ಎಡಕ್ಕೆ ತಿರುಗಿದರೆ ಅದೇ ಸೇತುವೆ. ಅದು ಮುರಿದು ಬೀಳುತ್ತದೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಸೇತುವೆಗೂ ಗೊತ್ತು, ಆದರೂ ಇಬ್ಬರೂ ಬೆಚ್ಚಿಬಿದ್ದಂತೆ ನಟಿಸುತ್ತೇವೆ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ. ನೀರು ಮಾತ್ರ ಈ ಸಲ ನಿಜವಾದ ನೀರಿಗಿಂತ ಚೆನ್ನಾಗಿ ಹೊಳೆಯುತ್ತದೆ.

ಆಟ ಮುಗಿದ ಮೇಲೆ ಬರುವ ಹೆಸರುಗಳನ್ನು ಪೂರ್ತಿ ನೋಡಿದೆ. ಇಪ್ಪತ್ತೆರಡು ನಿಮಿಷ. ಕಲ್ಲು, ಗೋಡೆ, ಪಾಚಿ ಮಾಡಿದವರ ಪಟ್ಟಿಯಲ್ಲಿ ನೀನಿದ್ದೆ. ತಕ್ಷಣ ಆಟವನ್ನು ಮತ್ತೆ ಶುರು ಮಾಡಿ, ವೈರಿಗಳನ್ನೆಲ್ಲ ಬಿಟ್ಟು ಗೋಡೆಯ ಹತ್ತಿರ ಹೋಗಿ ನಿಂತೆ. ಈ ಕಲ್ಲು ನಿನ್ನದೋ, ಆ ಕಲ್ಲು ನಿನ್ನದೋ ಎಂದು ಹುಡುಕುತ್ತಿದ್ದಾಗ ಹಿಂದಿನಿಂದ ಯಾರೋ ಬಂದು ನನ್ನ ತಲೆ ಹಾರಿಸಿದರು. ನನಗೆ ನಗು ಬಂತು, ಆಮೇಲೆ ಅಳು ಬಂತು. ಸುಳ್ಳು ಯಾಕೆ ಹೇಳಲಿ.

ಈ ಕಂಪನಿಗಳಿಗೆ ಧೈರ್ಯ ಇಲ್ಲ ಕಣೋ. ಒಮ್ಮೆ ಗೆದ್ದ ಕುದುರೆಯನ್ನೇ ಬಣ್ಣ ಬಳಿದು ಬಳಿದು ಓಡಿಸುತ್ತವೆ. ಮೂರನೇ ಭಾಗ ನೆನಪಿದೆಯಾ? ವೀರನ ಕೈಯಿಂದ ಕತ್ತಿ ಕಿತ್ತುಕೊಂಡು ಒಂದು ಲಾಟೀನು ಕೊಟ್ಟುಬಿಟ್ಟಿದ್ದರು. ಕತ್ತಲಲ್ಲಿ ಬರೀ ಬೆಳಕು ಹಿಡಿದು ನಡೆಯಬೇಕು. ಜನ ಕ್ಯಾಕರಿಸಿ ಉಗಿದರು. ನಾನೂ ಕಂಪನಿಗೆ ಎರಡು ಪುಟ ಬೈಗುಳ ಬರೆದೆ, ಅಂಚೆಪೆಟ್ಟಿಗೆಗೆ ಹಾಕಿದವನು ನೀನೇ. ನಾಲ್ಕನೇ ಭಾಗದಲ್ಲಿ ಕತ್ತಿ ವಾಪಸ್ಸು ಬಂತು, ಅವತ್ತಿನಿಂದ ಇವತ್ತಿನವರೆಗೂ ಹೋಗಿಲ್ಲ. ಆದರೆ ನನ್ನನ್ನು ಈಗ ಕೇಳು: ಒಂಬತ್ತರಲ್ಲಿ ನೆನಪಿರುವುದು ಯಾವುದು? ಲಾಟೀನಿನದು ಒಂದೇ. ಹೊಸದು ಬೇಕು ಎಂದು ಕೂಗುವವರೂ ನಾವೇ, ಹೊಸದು ಬಂದಾಗ ಕಲ್ಲು ಹೊಡೆಯುವವರೂ ನಾವೇ.

ನಮ್ಮ ಕನ್ನಡಕದ ಅಂಗಡಿಯಲ್ಲಿ ದಿನಾ ನೋಡುವುದೂ ಇದೇ. ಮೊನ್ನೆ ಒಬ್ಬ ಬಸ್ ಕಂಡಕ್ಟರ್ ಬಂದ. "ಹನ್ನೆರಡು ವರ್ಷದಿಂದ ಇದೇ ಫ್ರೇಮು ಮೇಡಂ, ನನ್ನ ಮುಖ ನೋಡಿ ನನಗೇ ಬೇಜಾರಾಗಿದೆ. ಏನಾದ್ರೂ ಬೇರೆ ಥರದ್ದು ಕೊಡಿ" ಎಂದ. ಮೂವತ್ತು ಫ್ರೇಮು ತೆಗೆದಿಟ್ಟೆ. ದುಂಡನೆಯದು ಹಾಕಿಕೊಂಡು ನಾಚಿಕೊಂಡ, ಕೆಂಪನೆಯದು ಹಾಕಿಕೊಂಡು ಅತ್ತಿತ್ತ ನೋಡಿದ. ಕೊನೆಗೆ ಬಂದಾಗ ಹಾಕಿಕೊಂಡಿದ್ದಂಥದ್ದೇ ಚೌಕದ ಕಪ್ಪು ಫ್ರೇಮನ್ನು ಆರಿಸಿಕೊಂಡು ಖುಷಿಯಾಗಿ ಹೋದ. ಕಣ್ಣು ಪರೀಕ್ಷೆ ಮಾಡುವ ಮೇಡಂ ಒಳಗಿನಿಂದಲೇ "ಊರೆಲ್ಲಾ ಸುತ್ತಿ ಬಂದ್ರೂ ಹಳೇ ಗಂಡನ ಪಾದವೇ ಗತಿ" ಎಂದರು. ಯಜಮಾನರು ಮಾತ್ರ ನಗಲಿಲ್ಲ. "ಹೊಸದು ಶೋಕೇಸಿಗೆ, ಹಳೇದು ಮೂಗಿಗೆ. ಇದನ್ನ ತಿಳ್ಕೊಂಡವನು ಅಂಗಡಿ ನಡೆಸ್ತಾನೆ" ಎಂದರು.

ಅವರ ಮಾತು ಕೇಳಿದಾಗ ನಿನ್ನ ನೆನಪಾಯಿತು. ಎರಡು ವರ್ಷದ ಹಿಂದೆ ನಾನು ನಿನಗೆ ಹೇಳಿದ್ದೂ ಅದನ್ನೇ ಅಲ್ಲವಾ? ಮೂರು ವರ್ಷ ಒಬ್ಬನೇ ಕೂತು ಆಟ ಮಾಡಿ ಕಳಿಸಿದೆ. ಒಂದು ಕೋಣೆ, ಅದರಲ್ಲಿ ಒಬ್ಬಳು ಹುಡುಗಿ, ಒಂದು ಮುಚ್ಚಿದ ಬಾಗಿಲು. ಕತ್ತಿ ಇಲ್ಲ, ವೈರಿ ಇಲ್ಲ, ಏನು ಮಾಡಬೇಕೆಂದು ಹೇಳುವ ಒಂದು ಸಾಲೂ ಇಲ್ಲ. ನೀನು ಫೋನ್ ಮಾಡಿ ಮೊದಲು ಕೇಳಿದ್ದು ಒಂದೇ ಮಾತು: "ಬಾಗಿಲು ದಾಟಿದ್ಯಾ ಅಕ್ಕಾ?"

"ದಾಟದೇ ಇರ್ತೀನೇನೋ? ಪೂರ್ತಿ ನೋಡಿದೆ" ಎಂದೆ. "ಆದ್ರೆ ಇಂಥದ್ದು ಯಾರಿಗೂ ಬೇಡ ಕಣೋ. ಜನಕ್ಕೆ ಗೊತ್ತಿರೋದು ಕೊಡು."

ನೀನು "ಪೂರ್ತಿ ನೋಡಿದ ಮೇಲೂ ಹೀಗೇ ಅನ್ನಿಸ್ತಾ?" ಎಂದು ಕೇಳಿದೆ. ಹೌದು ಎಂದೆ. "ಸರಿ ಬಿಡು" ಎಂದೆ ನೀನು. ಮುಂದಿನ ತಿಂಗಳು ಬುರುಜಿನ ಕಂಪನಿ ಸೇರಿ ಕಲ್ಲು ಮಾಡತೊಡಗಿದೆ.

ನಾನು ಅಂದದ್ದು ನಿನ್ನ ಒಳ್ಳೆಯದಕ್ಕೇ. ನಲವತ್ತು ವರ್ಷ ಆಡಿದವಳು, ಆಟ ನೋಡಿದರೆ ಗೊತ್ತಾಗುತ್ತದೆ. ಪೂರ್ತಿ ನೋಡಿಯೇ ಹೇಳಿದ್ದು. ಆದರೂ ಹೇಳಿದ ರೀತಿ ಒರಟಾಯಿತು, ಅದಕ್ಕೆ ಕ್ಷಮಿಸು.

ಇನ್ನೇನು ಸುದ್ದಿ? ಮನೆ ಅದೇ, ಅಂಗಡಿಯ ಮೇಲಿನ ಎರಡು ಕೋಣೆ. ಭಾನುವಾರ ಕೆಳಗೆ ಶಟರ್ ಎಳೆದಿರುತ್ತದೆ, ಬೀದಿಯಲ್ಲೂ ಸದ್ದಿಲ್ಲ. ಶನಿವಾರ ಸಂಜೆ ಕೊನೆಯ ಗಿರಾಕಿಗೆ "ಹುಷಾರು, ಮೆಟ್ಟಿಲಿದೆ" ಎಂದರೆ ಸೋಮವಾರ ಬೆಳಿಗ್ಗೆಯವರೆಗೂ ನನ್ನ ಬಾಯಿಂದ ಇನ್ನೊಂದು ಮಾತಿಲ್ಲ. ಒಮ್ಮೊಮ್ಮೆ ಗಂಟಲು ಇದೆಯೋ ಇಲ್ಲವೋ ಎಂದು ಕೆಮ್ಮಿ ನೋಡಿಕೊಳ್ಳುತ್ತೇನೆ. ಈಗಿನ ಆಟಗಳಲ್ಲಿ ದೂರದವರ ಜೊತೆ ಆಡಬಹುದಂತೆ. ಪ್ರಯತ್ನಿಸಿದೆ. ಯಾರೋ ಅಪರಿಚಿತರು ಹತ್ತು ನಿಮಿಷ ಜೊತೆಗಿದ್ದು, ಗೆದ್ದ ತಕ್ಷಣ ಹೇಳದೆ ಕೇಳದೆ ಹೊರಟುಹೋಗುತ್ತಾರೆ. ನಿನ್ನಂತೆ ಪಕ್ಕದಲ್ಲಿ ಮೊಣಕೈ ತಾಗಿಸಿಕೊಂಡು ಕೂರುವವರು ಯಾರೂ ಇಲ್ಲ.

ಮೊಣಕೈ ಎಂದಾಗ ನೆನಪಾಯಿತು. ಮೇಡಂಗೆ ಮೊನ್ನೆ ಆ ಕಥೆ ಹೇಳಿ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅಪ್ಪ ವಿಡಿಯೋ ಗೇಮ್ ತಂದಾಗ ನಿನಗೆ ನಾಲ್ಕು, ನನಗೆ ಹನ್ನೊಂದು. ನೀನು ನನಗೂ ನನಗೂ ಎಂದು ಪ್ರಾಣ ತಿನ್ನುತ್ತಿದ್ದೆ. ನಾನು ಎರಡನೇ ರಿಮೋಟು ನಿನ್ನ ಕೈಗೆ ಕೊಟ್ಟು, ಅದರ ವೈರನ್ನು ಚಾಪೆಯ ಕೆಳಗೆ ತುರುಕಿಬಿಡುತ್ತಿದ್ದೆ. ಸಿಕ್ಕಿಸುತ್ತಲೇ ಇರಲಿಲ್ಲ. ಪರದೆಯ ಮೇಲೆ ಓಡುತ್ತಿದ್ದವನನ್ನು ನೀನೇ ಓಡಿಸುತ್ತಿದ್ದೀಯೆಂದು ನಂಬಿ ನಾಲ್ಕು ತಿಂಗಳು ಬಟನ್ ಒತ್ತಿದೆ. ಒಂದು ದಿನ ಅಮ್ಮ ಚಾಪೆ ಎತ್ತಿದಾಗ ವೈರಿನ ತುದಿ ನಿನಗೆ ಕಂಡಿತು. ನೀನು ಅಳಲಿಲ್ಲ. ತುದಿಯನ್ನು ಕೈಯಲ್ಲಿ ಹಿಡಿದು, "ಅಕ್ಕಾ, ಹಾಗಾದ್ರೆ ಇಷ್ಟು ದಿನ ನಾನು ಎಲ್ಲಿದ್ದೆ?" ಎಂದು ಕೇಳಿದೆ. ಎಂಥ ಪ್ರಶ್ನೆ!

ಕಣ್ಣಿನ ಬಗ್ಗೆ ಜಾಗ್ರತೆ, ಪರದೆ ನೋಡಿ ನೋಡಿ ಕೆಡಿಸಿಕೊಳ್ಳಬೇಡ. ಇಪ್ಪತ್ತು ನಿಮಿಷಕ್ಕೊಮ್ಮೆ ದೂರ ನೋಡು. ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಸುಖವಾಗಿ ಬಾಳು, ನೀನು ಮುಟ್ಟಿದ ಕಲ್ಲೆಲ್ಲ ಹೂವಾಗಲಿ.

ಇಂತು ನಿನ್ನ ಹಿತವನ್ನೇ ಬಯಸುವ,
ಅಕ್ಕ

ಮರೆತ ಮಾತು:

ಈಗ ಮಧ್ಯಾಹ್ನ ಮೂರು ಗಂಟೆ. ನಿನ್ನ ವಿಳಾಸ ಬರೆದುಕೊಳ್ಳಲು, ನೀನು ಆಟ ಕಳಿಸಿದ್ದ ರಟ್ಟಿನ ಪೆಟ್ಟಿಗೆಯನ್ನು ಕಪಾಟಿನ ಮೇಲಿಂದ ಇಳಿಸಿದೆ. ಅವತ್ತು ಪೆನ್ ಡ್ರೈವ್ ಮೇಲೆಯೇ ಸಿಕ್ಕಿತ್ತು. ಕೆಳಗಿರುವುದು ಬರೀ ಮುದುರಿದ ಪತ್ರಿಕೆ ಎಂದು ಹಾಗೇ ಇಟ್ಟುಬಿಟ್ಟಿದ್ದೆ. ಇವತ್ತು ಪೆಟ್ಟಿಗೆ ಓರೆಯಾದಾಗ ತಳದಲ್ಲಿ ಏನೋ ಉರುಳಿತು. ಪತ್ರಿಕೆ ಬಿಡಿಸಿದರೆ ನಮ್ಮ ಎರಡನೇ ರಿಮೋಟು. ಬೆನ್ನಿನ ಮೇಲೆ ನಾನು ಬರೆದಿದ್ದ 2 ಇನ್ನೂ ಇದೆ. ಹಳೇ ವೈರು ಕತ್ತರಿಸಿ, ಈಗಿನ ಕಂಪ್ಯೂಟರಿಗೆ ಹೋಗುವ ಪಿನ್ನು ಬೆಸೆದಿದ್ದೀಯ.

ನಿನ್ನ ಆಟ ಹಾಕಿದೆ. ನನ್ನ ರಿಮೋಟಿನ ಪಕ್ಕ ಅದನ್ನೂ ಸಿಕ್ಕಿಸಿದೆ.

ಆಟದ ಕೋಣೆಯ ಮೂಲೆಯಲ್ಲಿ ಒಂದು ಬಟ್ಟೆಗಂಟು ಇರುತ್ತದಲ್ಲ, ಅದು ಎದ್ದು ನಿಂತಿತು. ನಾಲ್ಕು ವರ್ಷದ ಹುಡುಗ. ಅಷ್ಟು ಹೊತ್ತೂ ಅಲ್ಲೇ ಕೂತಿದ್ದ. ಅವನು ನಡೆದು ಬಂದು ಹುಡುಗಿಯ ಪಕ್ಕ ನಿಂತಾಗ ಬಾಗಿಲು ತೆರೆಯಿತು.

ಗುಬ್ಬಿ, ಮೇಲೆ ಬರೆದದ್ದು ಸುಳ್ಳು. ಅವತ್ತು ಫೋನಿನಲ್ಲಿ ಹೇಳಿದ್ದೂ ಸುಳ್ಳು. ನಾನು ಬಾಗಿಲು ದಾಟಿರಲಿಲ್ಲ. ಹತ್ತು ನಿಮಿಷ ಇದ್ದಬದ್ದ ಬಟನ್ ಎಲ್ಲ ಒತ್ತಿ, ತೆರೆಯಲಿಲ್ಲವೆಂದು ಸಿಟ್ಟು ಬಂದು, ಅದನ್ನು ಬಂದ್ ಮಾಡಿ ಬುರುಜಿನ ಎಂಟನೇ ಭಾಗ ಆಡಲು ಕೂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನನಗೆ ಒಂದು ಬಾಗಿಲು ತೆರೆಯಲು ಬರಲಿಲ್ಲ ಎಂದು ತಮ್ಮನ ಹತ್ತಿರ ಒಪ್ಪಿಕೊಳ್ಳಲು ಜಂಬ ಬಿಡಲಿಲ್ಲ. ದಾಟಿದೆ ಎಂದೆ. ಯಾರನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಆ ಹುಡುಗ ಎದ್ದು ನಿಂತದ್ದನ್ನು ಕಣ್ಣಾರೆ ನೋಡಿಯೂ, ಇದು ಯಾರಿಗೂ ಬೇಡ ಎಂದಳು ಅಕ್ಕ, ಎಂದು ನೀನು ಎರಡು ವರ್ಷ ನಂಬಿದ್ದೀಯ.

ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ ಕಣೋ.

ಬಾಗಿಲಿನ ಆಚೆ ಉದ್ದನೆಯ ಪಡಸಾಲೆ, ಎರಡು ತುದಿಗೆ ಎರಡು ಹಗ್ಗ. ಇಬ್ಬರೂ ಒಂದೇ ಸಲ ಓಡಿಹೋಗಿ ಎಳೆಯಬೇಕು. ಒಂದು ರಿಮೋಟನ್ನು ಕೈಯಲ್ಲಿ ಹಿಡಿದು, ಇನ್ನೊಂದನ್ನು ನೆಲದ ಮೇಲಿಟ್ಟು ಕಾಲ್ಬೆರಳಿನಿಂದ ಒತ್ತಿ ನೋಡಿದೆ. ಹದಿನೇಳು ಸಲ. ಹುಡುಗಿ ತಲುಪುತ್ತಾಳೆ, ಹುಡುಗ ಗೋಡೆಗೆ ಡಿಕ್ಕಿ ಹೊಡೆದು ನಿಲ್ಲುತ್ತಾನೆ. ಇದು ಒಬ್ಬರಿಂದ ಆಗುವ ಆಟವಲ್ಲ.

ಯಾವ ಭಾನುವಾರವಾದರೂ ಬಾ. ಮೊದಲನೇ ರಿಮೋಟು ನೀನು ಹಿಡಿ. ಎರಡನೆಯದನ್ನು ನಾನು ಹಿಡಿದು ಕೂರುತ್ತೇನೆ. ಅದರ ವೈರು ಸಿಕ್ಕಿಸುವುದು, ಬಿಡುವುದು ನಿನ್ನ ಇಷ್ಟ.