ಉಂಟು, ಉಂಟಂತೆ

ಜನವರಿ ೪, ಶನಿವಾರ

ಮತ್ತೆ ಏಳೂಕಾಲರ ಕಾರ್ಕಳ ಬಸ್. ಮಣಿಪಾಲ ದಾಟುವವರೆಗೂ ನಿಂತೇ. ಆದರೂ ಖುಷಿ! ಪ್ರಿನ್ಸಿಪಾಲರು ಕಾರಿಡಾರಿನಲ್ಲೇ ಒಪ್ಪಿಬಿಟ್ಟರು — ಮೂರು ಶನಿವಾರ ನನ್ನ ಬಿಕಾಂ ಮಕ್ಕಳಿಗೆ ಪಾಠ ಇಲ್ಲ, ಆಡಿಟ್ ಕೆಲಸ. ಮೊದಲು ನಾನು ಮಾಡುವುದನ್ನು ನೋಡುವುದು, ಆಮೇಲೆ ನನ್ನೊಟ್ಟಿಗೆ, ಕೊನೆಗೆ ತಾವೇ. ಷರತ್ತು ಒಂದು: ಮಣಿಪಾಲದ ಆಡಿಟರ್ ರೇಮಂಡ್ ಸರ್ ಒಬ್ಬರನ್ನಾದರೂ ಟ್ರೈನಿಯಾಗಿ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಪುನಃ ಬೋರ್ಡು, ನೋಟ್ಸು. ಹದಿನಾಲ್ಕು ವರ್ಷ ಅದೇ ಆಯಿತು, ಸಾಕಪ್ಪಾ.

ಇವತ್ತು ಕಾಲೇಜಿನ ಕುರ್ಚಿ ಎಣಿಸಿ ತೋರಿಸಿದೆ. ಕಣ್ಣಾರೆ ಕಂಡದ್ದಕ್ಕೆ ಮಾತ್ರ ‘ಉಂಟು’ ಬರೆಯಿರಿ ಎಂದು ಹತ್ತು ಸಲ ಹೇಳಿದೆ. ಹನ್ನೊಂದೂ ಇರಬಹುದು.

ಜನವರಿ ೧೮

ಕಾಪು. ಆಲ್ವಿನ್ ಎಂಬವರ ಬಲೆ, ಹಗ್ಗದ ಅಂಗಡಿ. ಹೋದ ಶನಿವಾರ ನನ್ನೊಟ್ಟಿಗೆ ಎಣಿಸಿದ್ದಾಯಿತು, ಇವತ್ತು ಸ್ಟಾಕ್ ಎಣಿಸುವವರು ಮಕ್ಕಳೇ. ನಾನು ಬಾಯಿ ಮುಚ್ಚಿರಬೇಕು. ನಲವತ್ತು ನಿಮಿಷ! ನಾಲಿಗೆ ತುರಿಸಿತು. ತಾಳೆ ನೋಡಲು ನಾನೂ ಒಂದು ಹಾಳೆ ತುಂಬಿಸಿದೆ.

ಪಟ್ಟಿಯಲ್ಲಿ ಹಗ್ಗ ಅರವತ್ತು ಸುರುಳಿ. ಅಂಗಡಿಯಲ್ಲಿ ನಲವತ್ತೆರಡು.

“ಉಳಿದದ್ದು ಪೆರ್ಡೂರಿನ ಗೋಡೌನಿನಲ್ಲಿ ಉಂಟು ಮಾರಾಯ್ರೆ,” ಎಂದರು ಆಲ್ವಿನ್, ಎಲ್ಲರಿಗೂ ಜ್ಯೂಸ್ ಕೊಡುತ್ತಾ.

ಕ್ಲಾಸಿಗೇ ಫಸ್ಟ್ ಹರ್ಷಿತ್ ಬರೆದ: ‘ಉಂಟು’. ಉಳಿದವರೂ ಅದೇ. ಹಿಂದಿನ ಬೆಂಚಿನ ಚೈತಾಲಿ ಮಾತ್ರ — ಟೆಸ್ಟಿನಲ್ಲಿ ಪಾಸಾಗುವುದೇ ಕಷ್ಟ ಅವಳಿಗೆ — ‘ಉಂಟಂತೆ’.

ಅಯ್ಯೋ! ಆಡಿಟ್ ಹಾಳೆಯಲ್ಲಿ ಉಂಟಂತೆಯಾ! ತಿದ್ದುವ ಹಾಗೂ ಇಲ್ಲ. ಹಾಳೆಗಳೆಲ್ಲ ಸೀದಾ ರೇಮಂಡ್ ಸರ್ ಕೈಗೆ. ಹೋಯಿತು ನನ್ನ ಕ್ಲಾಸು.

ಜನವರಿ ೨೦, ಮಣಿಪಾಲ

ಸರ್ ಚೈತಾಲಿಯನ್ನೇ ಮೊದಲು ಕರೆದರು.

“ಇದೆಂತ ಮಾರಾಯ್ತಿ, ಉಂಟಂತೆ?”

“ಪೆರ್ಡೂರಿಗೆ ನಾನು ಹೋಗಲಿಲ್ಲ ಸರ್. ಅವರು ಹೇಳಿದ್ದು ಮಾತ್ರ.”

ಸರ್ ನಗಲಿಲ್ಲ. ನನ್ನ ಹಾಳೆ ಎತ್ತಿಕೊಂಡರು.

“ಪ್ರಫುಲ್ಲಾ ಮೇಡಂ, ನೀವು ಪೆರ್ಡೂರಿಗೆ ಹೋದದ್ದು ಯಾವಾಗ?”

ನೋಡಿದರೆ — ನಾನೂ ಬರೆದದ್ದು ‘ಉಂಟು’! ಹದಿನೆಂಟು ಸುರುಳಿಗೂ! ಕಿವಿಯೆಲ್ಲ ಬಿಸಿ. ಹೋಗಲಿಲ್ಲ ಸರ್, ಎಂದೆ. ನಾಚಿಕೆಯಾಯಿತು. ಆದರೆ ಅದಕ್ಕಿಂತ ಹೆಚ್ಚು ಖುಷಿ... ನಾನು ಬಾಯಿಯಲ್ಲಿ ಹೇಳಿದ್ದನ್ನು ಇವಳು ಮಾಡಿಬಿಟ್ಟಳಲ್ಲ! ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ. ನಾನು ಇಳಿಯುವ ಬನ್ನಂಜೆ ಸ್ಟಾಪೂ ದಾಟಿಹೋಯಿತು.

ಜನವರಿ ೨೨

ಪೆರ್ಡೂರು, ಚೈತಾಲಿಯೊಟ್ಟಿಗೆ. ಆಲ್ವಿನ್ ಸುಳ್ಳು ಹೇಳಿರಲಿಲ್ಲ, ಪಾಪ. ಒಂದೊಂದು ಸುರುಳಿಯನ್ನೂ ಮುಟ್ಟಿ ಎಣಿಸಿದಳು. ಹದಿನೆಂಟು. ‘ಉಂಟಂತೆ’ ಹೊಡೆದುಹಾಕಿ ‘ಉಂಟು’ ಬರೆದಳು.

ಜನವರಿ ೨೪, ಬೆಳಿಗ್ಗೆ ೧೧

ಹರ್ಷಿತ್ ಓಡಿ ಬಂದ. “ಮೇಡಂ, ಚೈತಾಲಿಗೆ ಟ್ರೈನಿ ಸೀಟು ಉಂಟಂತೆ!”

ಕುಣಿಯುವ ಹಾಗಾಯಿತು. ತಡೆದುಕೊಂಡೆ. ಕಾಗದ ನೋಡದೆ ಇನ್ನು ನಾನು ಬರೆಯುವವಳಲ್ಲ.

ಮಧ್ಯಾಹ್ನ ೩.೧೦

ಚೈತಾಲಿ ಕವರ್ ಹಿಡಿದುಕೊಂಡು ಸ್ಟಾಫ್ ರೂಮಿಗೇ ಬಂದಳು. ಎರಡೆರಡು ಸಲ ಓದಿದೆ. ಹೆಸರು ಅವಳದೇ. ಕೆಳಗೆ ರೇಮಂಡ್ ಸರ್ ಸಹಿ.

“ಈಗ ‘ಉಂಟು’ ಹೇಳಬಹುದಲ್ವಾ ಮೇಡಂ?”

ಉಂಟು! ಉಂಟು! ಮುಂದಿನ ವರ್ಷ ನನ್ನ ಕ್ಲಾಸೂ ಉಂ—

ತಡಿ. ಪ್ರಿನ್ಸಿಪಾಲರು ಹೇಳಿದ್ದು ಬರೀ ಬಾಯಿಮಾತು. ಈಗಲೇ ಹೋಗಿ ಬರೆಸಿಕೊಂಡು ಬರುತ್ತೇನೆ.