ಅತ್ತೆಯ ದನಿ ಬದಲಾದ ವಾರ

ಜೂನ್ ೧೪, ಮಂಗಳವಾರ
ಅಂಗಡಿಗೆ ರಜೆ, ಮನೆಯಿಂದ

ನನ್ನ ಗಿಣಿಮರೀ,

ಚೆನ್ನಾಗಿದ್ದೀಯಾ? ಅಳಿಯಂದಿರು ಹೇಗಿದ್ದಾರೆ? ನಾನು ಆರಾಮಾಗಿದ್ದೀನಿ. ಕೈ ನಡುಗ್ತಿಲ್ಲ, ಕಣ್ಣು ಕಾಣುತ್ತೆ, ಕ್ಷೌರ ಮಾಡೋನಿಗೆ ಇನ್ನೇನು ಬೇಕು? ನಿನ್ನ ಕಾಗದ ಬಂದು ಎಷ್ಟು ದಿನ ಆಯ್ತು ಅಂತ ನೀನೇ ಲೆಕ್ಕ ಹಾಕಿರ್ತೀಯ, ನಾನು ಹಾಕಲ್ಲ, ನಾಚಿಕೆ ಆಗುತ್ತೆ. ಫೋನಿಗೂ ಸಿಗಲಿಲ್ಲ ಅಂತ ಮುನಿಸಿಕೊಂಡಿದ್ದೀಯ. ಅಂಗಡಿಯಲ್ಲಿ ಮಷಿನ್ನಿನ ಗುರ್ ಗುರ್, ಟೀವಿ ಗಲಾಟೆ, ಕೈತುಂಬ ಸೋಪಿನ ನೊರೆ. ಫೋನು ಎಲ್ಲಿ ಕೇಳಿಸುತ್ತೆ ಹೇಳು. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೋ.

ನೀನು ಕೇಳಿದ್ದು ಒಂದೇ ಪ್ರಶ್ನೆ, ಮರೆತಿಲ್ಲ. ಬೇರೆ ಭಾಷೆಯಿಂದ ಬರೋ ಆ ಧಾರಾವಾಹಿಯ ಅತ್ತೆಗೆ ಇಷ್ಟು ವರ್ಷ ನಮ್ಮ ಭಾಷೆಯಲ್ಲಿ ದನಿ ಕೊಟ್ಟೋಳು ನಿನ್ನಮ್ಮ. ಈಗ ಅವಳಿಲ್ಲ. ನಿನ್ನ ಗಂಟಲು ಥೇಟ್ ಅವಳದೇ ಅಂತ ಡಬ್ಬಿಂಗ್ ಸ್ಟುಡಿಯೋದವರು ನಿನ್ನನ್ನ ಕರೀತಿದ್ದಾರೆ, ನಿಮ್ಮೂರಲ್ಲೇ ರೆಕಾರ್ಡಿಂಗ್ ಮಾಡ್ತಾರಂತೆ. "ಒಪ್ಪಿಕೊಳ್ಳಲಾ ಅಪ್ಪಾ? ನೀನು ಬೇಡ ಅಂದ್ರೆ ಬೇಡ" ಅಂತ ಬರೆದಿದ್ದೀಯ. ಹೂಂ ಅನ್ನೋಕೂ ಬಾಯಿ ಬರಲಿಲ್ಲ, ಊಹೂಂ ಅನ್ನೋಕೂ ಬರಲಿಲ್ಲ. ಉತ್ತರ ಈ ಕಾಗದದಲ್ಲೇ ಬರುತ್ತೆ, ಬರೀತಾ ಬರೀತಾ. ಕೊನೇ ಪುಟಕ್ಕೆ ಹಾರಬೇಡ. ಚಿಕ್ಕಂದಿನಿಂದ ನಿನಗೆ ಅದೇ ಚಾಳಿ.

ಮೊದಲು ಏನೇನು ನೋಡಿದೆ ಅಂತ ಹೇಳಿಬಿಡ್ತೀನಿ. ಪಕ್ಕದ ಇಸ್ತ್ರಿ ಅಂಗಡಿಯ ಅಕ್ಕ ಗೊತ್ತಲ್ಲ, ಮಧ್ಯಾಹ್ನ ಗಿರಾಕಿ ಕಮ್ಮಿ ಇರೋ ಹೊತ್ತಿಗೆ ನಮ್ಮ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತು ಟೀವಿ ನೋಡ್ತಾಳೆ. ಅವಳದೇ ಉಪದೇಶ. "ಅಣ್ಣಾ, ಸದಾ ಆ ಅತ್ತೆ ಮುಖವನ್ನೇ ನೋಡ್ತಾ ಕೂತ್ರೆ ತಲೆ ಕೆಟ್ಟುಹೋಗುತ್ತೆ. ಬೇರೇನಾದ್ರೂ ಹಾಕು" ಅಂದಳು. ಸರಿ ತಾಯಿ ಅಂತ ಒಂದು ಪತ್ತೇದಾರಿ ಸರಣಿ ಹಾಕಿದೆ. ಪತ್ತೇದಾರನಿಗೆ ಗಡ್ಡ. ಬಾಗಿಲು ತಟ್ಟುವಾಗ ವಾರದ ಗಡ್ಡ, ಅದೇ ಬಾಗಿಲಿಂದ ಒಳಗೆ ಬಂದಾಗ ನಿನ್ನೆ ಬೋಳಿಸಿದ ಗಡ್ಡ! ಕೊಲೆ ಮಾಡಿದ್ದು ಯಾರು ಅಂತ ಅಕ್ಕ ಉಗುರು ಕಚ್ಚುತ್ತಿದ್ದರೆ, ಇವನಿಗೆ ಮಧ್ಯೆ ಮಧ್ಯೆ ಶೇವ್ ಮಾಡ್ತಿರೋನು ಯಾರು ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಕೊಲೆಗಾರ ಅವನ ಸ್ವಂತ ತಮ್ಮನೇ. ಕೈಕೋಳ ಹಾಕೋ ಮೊದಲು ಅಣ್ಣ ಆ ತಮ್ಮನ ಅಂಗಿಯ ಗುಂಡಿ ಹಾಕ್ತಾನೆ, ಹೊರಗೆ ಚಳಿ ಅಂತ. ಅದೊಂದು ನನಗೆ ಬಹಳ ಹಿಡಿಸಿತು. ಗಡ್ಡದ್ದೆಲ್ಲ ಮಾಫ್ ಮಾಡಿಬಿಟ್ಟೆ.

ಆಮೇಲೊಂದು ಯುದ್ಧದ ಸಿನಿಮಾ. ಸೈನಿಕರು ಹಿಮದಲ್ಲಿ ತಿಂಗಳುಗಟ್ಟಲೆ ಸಿಕ್ಕಿಹಾಕ್ಕೊಂಡಿದ್ದಾರೆ, ತಿನ್ನೋಕೆ ರೊಟ್ಟಿ ಚೂರಿಲ್ಲ, ಆದರೆ ಒಬ್ಬೊಬ್ಬರ ಕಿವಿ ಹಿಂದೆಯೂ ಕಟಿಂಗಿನ ಗೆರೆ ದಾರ ಹಿಡಿದ ಹಾಗೆ ನೆಟ್ಟಗಿದೆ. ನಮ್ಮ ಪೈಕಿ ಯಾವನೋ ಅಲ್ಲೇ ಹಿಂದೆ ಅಂಗಡಿ ಇಟ್ಟಿರಬೇಕು ಅಂದೆ. ಅಕ್ಕ ನಕ್ಕೂ ನಕ್ಕೂ ಇಸ್ತ್ರಿಪೆಟ್ಟಿಗೆಯಲ್ಲಿ ಕೆಂಡ ಹಾಗೇ ಇದೆ ಅನ್ನೋದನ್ನೇ ಮರೆತಿದ್ದಳು.

ಹೋದ ವಾರ ದೆವ್ವದ ಸಿನಿಮಾ. ಸತ್ತ ಹೆಂಡತಿ ಮನೆಗೆ ವಾಪಸ್ ಬರ್ತಾಳೆ, ಗಂಡ ಹೆದರಿ ಮೆಟ್ಟಿಲು ಹಾರಿ ಓಡ್ತಾನೆ. ಅಕ್ಕ ಮಡಚಿದ ಬಟ್ಟೆಯ ಗಂಟನ್ನೇ ಮುಖಕ್ಕೆ ಒತ್ತಿಕೊಂಡು ಕಿರುಚಿದಳು. ನನಗೆ ಅವನು ಓಡಿದ್ದೇ ಅರ್ಥ ಆಗಲಿಲ್ಲ. "ಓಡೋದ್ಯಾಕೋ ಮುಠ್ಠಾಳ, ನಿಂತ್ಕೊಂಡು ಮಾತಾಡಿಸೋ" ಅಂತ ಜೋರಾಗಿ ಅಂದುಬಿಟ್ಟೆ. ಅಕ್ಕ ಬಟ್ಟೆ ಗಂಟಿನಿಂದ ಮುಖ ತೆಗೆದು ನನ್ನನ್ನೇ ನೋಡಿದಳು.

ಈಗ ಅತ್ತೆಯ ವಿಷಯಕ್ಕೆ ಬರ್ತೀನಿ.

ನಿನ್ನಮ್ಮನಿಗೆ ಆ ಪಾತ್ರ ಸಿಕ್ಕ ದಿನ ನೆನಪಿದೆಯಾ? ಇರುವೆ ತುಳಿದರೂ ಅಯ್ಯೋ ಅನ್ನೋಳು. ಅವಳಿಗೆ ಬಂದದ್ದು ಸೊಸೆಯನ್ನ ಹುರಿದು ಮುಕ್ಕೋ ಅತ್ತೆಯ ಪಾತ್ರ! "ನನಗೆ ಬೈಯೋಕೆ ಬರಲ್ಲ ಕಣ್ರೀ" ಅಂತ ಅತ್ತೇಬಿಟ್ಟಳು. "ನನ್ನ ಮೇಲೆ ಅಭ್ಯಾಸ ಮಾಡು" ಅಂದೆ. ಅವತ್ತಿಂದ ಅದೇ ರೂಢಿ ಆಯ್ತು. ಬೆಳಿಗ್ಗೆ ನಾನು ಅಡುಗೆಮನೆಯ ತೊಟ್ಟಿ ಹತ್ತಿರ ಕತ್ತರಿ, ಬಾಚಣಿಗೆ ತೊಳೀತಾ ನಿಲ್ಲಬೇಕು, ಅವಳು ಹಾಳೆ ಹಿಡ್ಕೊಂಡು ಬೈಯಬೇಕು. ನಾನೇ ಸೊಸೆ. "ಅತ್ತೆ, ಹಾಗನ್ನಬೇಡಿ ಅತ್ತೆ" ಅಂತ ತೆಳ್ಳಗಿನ ದನಿಯಲ್ಲಿ ಅಳೋನು ನಾನು. ನೀನು ಶಾಲೆಗೆ ಜಡೆ ಹಾಕಿಸಿಕೊಳ್ಳೋಕೆ ಬಂದು, ಅಪ್ಪ ಸೊಸೆ ಆಗಿ ಅಳೋದನ್ನ ನೋಡಿ ಬಿದ್ದು ಬಿದ್ದು ನಗುತ್ತಿದ್ದೆ. ಅವಳು ಒಂದು ಸಲವೂ ತುಟಿ ತಪ್ಪಿಸಿದವಳಲ್ಲ. ತೆರೆ ಮೇಲೆ ಆ ನಟಿ ಬಾಯಿ ತೆರೆದಾಗ ಇವಳ ಮಾತು ಶುರು, ಮುಚ್ಚಿದಾಗ ಮುಗೀತು. ಸ್ಟುಡಿಯೋದಲ್ಲಿ ಅದಕ್ಕೇ ಅವಳು ಅಂದರೆ ಅಷ್ಟು ಗೌರವ.

ಕಡೇ ತಿಂಗಳುಗಳಲ್ಲಿ ಡಾಕ್ಟರು ಗಂಟಲಿಗೆ ವಿಶ್ರಾಂತಿ ಕೊಡಬೇಕು ಅಂದರು. ಕೆಲಸ ಬಿಡು ಅಂದೆ, ಕೇಳಲಿಲ್ಲ. "ಒಪ್ಪಿಕೊಂಡಿದ್ದನ್ನ ಮುಗಿಸ್ತೀನಿ" ಅಂತ ಬರೆದು ತೋರಿಸಿದಳು. ಇದ್ದಬದ್ದ ದನಿಯನ್ನೆಲ್ಲ ಸ್ಟುಡಿಯೋಗೆ ಉಳಿಸಿಟ್ಟು, ಮನೆಯಲ್ಲಿ ಕೈಸನ್ನೆ, ಕಣ್ಣುಸನ್ನೆ. ಬೆಳಗಿನ ಬೈಗುಳವೂ ನಿಂತಿತು. ತೊಟ್ಟಿ ಹತ್ತಿರ ನಾನೊಬ್ಬನೇ ಕತ್ತರಿ ತೊಳೀತಿದ್ದೆ. ಅವಳ ಮುಂದೆ ಅನ್ನಲಿಲ್ಲ, ನಿನ್ನ ಮುಂದೆ ಅಂತೀನಿ: ಆ ಅತ್ತೆ ಮೇಲೆ ನನಗೆ ಹೊಟ್ಟೆಕಿಚ್ಚು ಬಂದಿತ್ತು. ಅವಳಿಗೆ ಮಾತು, ನನಗೆ ಸನ್ನೆ. ಇದ್ಯಾವ ನ್ಯಾಯ ಹೇಳು.

ನಿನ್ನಮ್ಮ ಹೋದ ಮೇಲೂ ಧಾರಾವಾಹಿ ಬರ್ತಾನೇ ಇತ್ತು, ಅವಳು ಮುಂಚೆಯೇ ಬೇಕಾದಷ್ಟು ಕಂತು ಮುಗಿಸಿಟ್ಟಿದ್ದಳಲ್ಲ. ಮನೆಯಲ್ಲಿ ದೀಪದ ಪಕ್ಕ ಫೋಟೋ ಇಟ್ಟು ಅಂಗಡಿಗೆ ಹೋದರೆ, ಅಲ್ಲಿ ಕನ್ನಡಿ ಮೇಲಿನ ಟೀವಿಯಲ್ಲಿ ಅವಳು ಜಬರ್ದಸ್ತಾಗಿ ಬೈತಿದ್ದಾಳೆ! ಪಿಂಚಣಿ ಮೇಷ್ಟ್ರು, ಅದೇ ನಿನಗೆ ಲೆಕ್ಕ ಹೇಳಿಕೊಟ್ಟೋರು, ಒಂದಿನ ಶೇವಿಂಗಿಗೆ ಕೂತು "ಈ ಮುದುಕಿಗೆ ಸಾವು ಬರಬಾರದಾ" ಅಂದರು. ನನ್ನ ಕತ್ತಿ ಅವರ ಗಂಟಲ ಮೇಲಿತ್ತು. ಕೈ ಎತ್ತಿ, ನಿಧಾನವಾಗಿ ಒರೆಸಿ, "ಮೇಷ್ಟ್ರೇ, ಅದು ನಮ್ಮನೆಯವಳ ದನಿ" ಅಂದೆ. ಪಾಪ, ಅರ್ಧ ನೊರೆಯ ಮುಖದಲ್ಲೇ ಕುರ್ಚಿಯಿಂದ ಎದ್ದು ಕೈ ಮುಗಿದರು. ನನಗೋ, ಟೀವಿಗೋ ಗೊತ್ತಾಗಲಿಲ್ಲ. ಅಲ್ಲಿಂದಾಚೆ ದಿನಾ ಬರೋಕೆ ಶುರು ಮಾಡಿದರು. ಅವರಿಗೆ ದಿನಾ ಬೋಳಿಸುವಷ್ಟು ಗಡ್ಡ ಎಲ್ಲಿದೆ? ನನ್ನ ಜೊತೆ ಕೂತು ಕೇಳೋಕೆ ಬರ್ತಿದ್ದರು, ಅಷ್ಟೆ.

ಅವಳ ದನಿಯ ಕಡೇ ಕಂತು ಅಂತ ಗೊತ್ತಿಲ್ಲದೆ ಅದನ್ನ ನೋಡಿದೆ. ಅತ್ತೆ ಯಾವುದೋ ವ್ಯಾಜ್ಯಕ್ಕೆ ಪರ ಊರಿಗೆ ಹೊರಟಿದ್ದಾಳೆ, ಗಂಡ ಬಾಗಿಲಲ್ಲಿ ನಿಂತಿದ್ದಾನೆ. "ಬೀಗದ ಕೈ ಜೋಪಾನ" ಅಂದು ಆ ನಟಿ ಬಾಯಿ ಮುಚ್ಚಿದಳು, ಹೊಸ್ತಿಲು ದಾಟಿದಳು. ಬಾಯಿ ಮುಚ್ಚಿದ ಮೇಲೂ ಮಾತು ಬಂತು ಗಿಣಿ. "ನನಗೆ ಕಾಯಬೇಡಿ, ಉಂಡು ಮಲಗಿ." ಮೆಲ್ಲಗೆ, ಸ್ವಲ್ಪ ಒಡೆದ ದನಿಯಲ್ಲಿ. ಸ್ಟುಡಿಯೋದಲ್ಲಿ ತಡ ಆದಾಗಲೆಲ್ಲ ಫೋನ್ ಮಾಡಿ ನನಗೆ ಅವಳು ಹೇಳ್ತಿದ್ದದ್ದು ಅದೇ ಮಾತು, ಅಕ್ಷರ ಆಚೀಚೆ ಇಲ್ಲ. "ಪರವಾಗಿಲ್ವೇ, ಈ ರಾಕ್ಷಸಿಗೂ ಗಂಡ ಅಂದ್ರೆ ಪ್ರೀತಿ ಇದೆ" ಅಂದಳು ಅಕ್ಕ. ನಾನು ಟವೆಲ್ ಒಗೆಯೋ ನೆಪದಲ್ಲಿ ಹಿಂದಿನ ಕೋಣೆಗೆ ಹೋದೆ. ತುಟಿ ತಪ್ಪಿಸದವಳು ಅವತ್ತು ಬೇಕಂತಲೇ ತಪ್ಪಿಸಿದ್ದಾಳೆ. ಮನೆಯಲ್ಲಿ ಹೇಳೋಕಾಗದ್ದನ್ನ ಅಲ್ಲಿ ಇಟ್ಟು ಹೋಗಿದ್ದಾಳೆ, ನಾನು ದಿನಾ ನೋಡ್ತೀನಿ ಅಂತ ಅವಳಿಗೆ ಗೊತ್ತಿತ್ತು. ಹೊಟ್ಟೆಕಿಚ್ಚೆಲ್ಲ ಅಲ್ಲೇ ಆರಿಹೋಯ್ತು.

ಮಾರನೇ ದಿನ ಮೇಷ್ಟ್ರ ಮೀಸೆ ಸವರುತ್ತಿದ್ದೆ. ಧಾರಾವಾಹಿ ಶುರುವಾಯ್ತು, ಅತ್ತೆ ಬಾಯಿ ತೆರೆದಳು, ಬೇರೆ ಯಾರದೋ ದನಿ ಬಂತು. ತಲೆ ಎತ್ತಿ ನೋಡಿದೆ. ತಲೆ ಇಳಿಸೋ ಹೊತ್ತಿಗೆ ಮೇಷ್ಟ್ರ ಎಡಗಡೆ ಮೀಸೆ ನೆಲದ ಮೇಲಿತ್ತು.

ಕತ್ತರಿ ಹಿಡಿದಾಗಿನಿಂದ ಅಂಥದ್ದು ಆಗಿರಲಿಲ್ಲ. ಮೇಷ್ಟ್ರು ಕನ್ನಡಿ ನೋಡಿದರು, ಟೀವಿ ನೋಡಿದರು, ನನ್ನ ನೋಡಿದರು. "ಬಲಗಡೇದೂ ತೆಗೆದುಬಿಡಪ್ಪ. ಆ ದನಿಯೇ ಹೋಯ್ತು, ಮೀಸೆ ಇಟ್ಕೊಂಡು ನಾನೇನು ಮಾಡಲಿ" ಅಂದರು. ಮೀಸೆ ಇಲ್ಲದ ಗಂಡನ್ನ ನೋಡಿ ಅವರ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ "ಯಾರು ಬೇಕಾಗಿತ್ತು?" ಅಂತ ಕೇಳಿದರಂತೆ. ಮಾರನೇ ದಿನ ಬಂದು ಇದನ್ನ ಹೇಳಿದ್ದೂ ಮೇಷ್ಟ್ರೇ, ನಾನು ನಗಲಿ ಅಂತ. ನಕ್ಕೆ.

ನಿನ್ನ ಉತ್ತರ ಬರೋ ತನಕ ಅಂತ ಸ್ಟುಡಿಯೋದವರು ಕೂರಿಸಿರೋ ಹೊಸ ದನಿಯ ಹುಡುಗಿಯನ್ನ ದೂರೋದಿಲ್ಲ. ತುಟಿಗೆ ಸರಿಯಾಗಿ ಹೇಳ್ತಾಳೆ. ಆದರೆ ಬೈದರೆ ಬೈಸಿಕೊಂಡ ಹಾಗೇ ಆಗಲ್ಲ, ಪಾಠ ಓದಿ ಒಪ್ಪಿಸಿದ ಹಾಗಿರುತ್ತೆ. ಪಾಪ, ಮನೆಯಲ್ಲಿ ಅವಳಿಗೆ ಸೊಸೆ ಆಗೋರು ಯಾರೂ ಇಲ್ಲ ಅಂತ ಕಾಣುತ್ತೆ. ಅಷ್ಟು ದಿನ ಕೇಳಿ ಕೇಳಿ ನನಗೆ ಇದೊಂದೇ ಹೊಳೆದದ್ದು: ನಿನಗಾದರೆ ನಾನಿದ್ದೀನಿ.

ಅದಕ್ಕೇ ಹೂಂ ಅಂತೀನಿ ಮಗಳೇ. ಒಪ್ಪಿಕೋ. ಸುಳ್ಳು ಯಾಕೆ, ಮೊದಲು ಬೇಡ ಅಂತ ಬರೆಯೋಕೇ ಪೆನ್ನು ಹಿಡಿದಿದ್ದೆ. ಅವಳಿಲ್ಲದೆ ಅವಳ ದನಿ ಕೇಳೋದು ಹೇಗೆ ಅಂತ ಭಯ ಆಗಿತ್ತು. ಆದರೆ ಆ ಗಂಟಲು ನಿನಗೆ ಅವಳು ಕೊಟ್ಟದ್ದು. ನನ್ನ ಭಯಕ್ಕೆ ನೀನು ಬಾಯಿ ಮುಚ್ಚಿಕೊಂಡು ಕೂತರೆ ಅವಳು ನನ್ನನ್ನ ಬೈಯೋದು ಗ್ಯಾರಂಟಿ, ಈ ಸಲ ಹಾಳೆ ಇಲ್ಲದೆ ನಿಜವಾಗಿ. ಒಂದು ಮಾತು ನೆನಪಿಡು. ಅಮ್ಮನ ಹಾಗೆ ಮಾಡೋಕೆ ಹೋಗಬೇಡ. ನೀನು ಕೆಲಸ ಮಾಡೋ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಮಾತ್ರೆ ಕೇಳೋರನ್ನ ಗದರಿಸ್ತೀಯಲ್ಲ, ಆ ಗತ್ತು ಸಾಕು. ನೀನು ನಿನ್ನ ಹಾಗೇ ಬೈ. ಊರಿಗೆ ಬಂದಾಗ ತೊಟ್ಟಿ ಹತ್ತಿರ ಅಭ್ಯಾಸ ಮಾಡೋಣ, ನನಗೆ ಅಳೋದು ಇನ್ನೂ ಮರೆತಿಲ್ಲ.

ಬೆಚ್ಚಗಿನ ನೀರು ಕುಡಿ, ಐಸ್‌ಕ್ರೀಮ್ ಮುಟ್ಟಬೇಡ. ಅಳಿಯಂದಿರಿಗೆ ನಾನು ಕೇಳಿದೆ ಅಂತ ಹೇಳು, ಕೂದಲು ಬೇರೆ ಯಾರ ಕೈಗೂ ಕೊಡಬೇಡಿ ಅಂತಲೂ ಹೇಳು. ನಿನ್ನ ಮನೆಯಲ್ಲಿ ಯಾವತ್ತೂ ಮಾತು ತುಂಬಿರಲಿ, ಬೈಗುಳವಾದರೂ ಸರಿ, ಮಾತು ಇರಲಿ. ಅದೇ ನನ್ನ ಆಶೀರ್ವಾದ.

ಇಂತಿ ನಿನ್ನ
ಅಪ್ಪ (ಮಾಜಿ ಸೊಸೆ)

ತಾ.ಕ.: ಕಾಗದ ಮಡಚಿದವನು ಮತ್ತೆ ಬಿಚ್ಚಿದೆ. ಊರಿಗೆ ಬಂದಾಗ ಅಭ್ಯಾಸ ಮಾಡೋಣ ಅಂತ ಬರೆದೆನಲ್ಲ, ನೀನು ಬರೋದು ಅಪರೂಪಕ್ಕೆ. ಫೋನಿನಲ್ಲೇ ಆಗಬೇಕು ಅಂತ ನನಗೂ ಗೊತ್ತು. ಮಷಿನ್ನು, ಟೀವಿ, ನೊರೆ ಎಲ್ಲ ಸುಳ್ಳು ಕಣೇ. ಫೋನು ಹೊಡ್ಕೊಳ್ಳೋದು ಚೆನ್ನಾಗಿಯೇ ಕೇಳಿಸುತ್ತೆ. ನಿನ್ನ ಮೇಲೆ ಕೋಪವೂ ಇಲ್ಲ. ನೀನು ಮೊದಲು "ಹಲೋ" ಅಂತೀಯ, ಆಮೇಲೆ "ಅಪ್ಪಾ" ಅಂತೀಯ. ಅವೆರಡರ ಮಧ್ಯೆ ಒಂದು ಉಸಿರಿನಷ್ಟು ಹೊತ್ತು ನಿನ್ನಮ್ಮ ಫೋನಿನಲ್ಲಿ ಇರ್ತಾಳೆ, ಸ್ಟುಡಿಯೋದಲ್ಲಿ ತಡ ಆಯ್ತು ಅಂತ ಹೇಳೋಕೆ. ನೀನು ಅಪ್ಪಾ ಅಂದ ತಕ್ಷಣ ಹೋಗಿಬಿಡ್ತಾಳೆ. ಪ್ರತಿ ಸಲವೂ ಅವಳನ್ನ ಹೊಸದಾಗಿ ಕಳಿಸಿಕೊಡೋದು ನನ್ನ ಕೈಲಾಗಲಿಲ್ಲ, ಅದಕ್ಕೇ ಎತ್ತಲಿಲ್ಲ. ಒಂದು ಉಪಕಾರ ಮಾಡು. ಇನ್ನು ಮೇಲೆ ಹಲೋ ಅನ್ನಬೇಡ, ಶುರುವಿಗೇ ಅಪ್ಪಾ ಅನ್ನು.

ಬೇಡ, ಬೇಡ. ಹಲೋ ಅಂತಲೇ ಅನ್ನು. ನಾನು ಎತ್ತುತ್ತೀನಿ.